ತಾಯಿಯ ಮನೆಯಲ್ಲಿ ಕುಳಿತಿದ್ದರೆ ಬರುತ್ತಿತ್ತೇ?



ನಾನು ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಕಳೆದ ರಮಝಾನ್‌ನಲ್ಲಿ ಒಂದು ರಾತ್ರಿ ತರಾವೀಹ್ ಮುಗಿಸಿ ನಾಲ್ಕೈದು ಮಂದಿ ಮಸೀದಿಯ ಜಗಲಿಯಲ್ಲಿ ಕುಳಿತಿದ್ದಾಗ ಒಬ್ಬ ಯುವಕ ಒಂದು ಪ್ರಶ್ನೆ ಕೇಳಿದ. ಅವನಿಗೆ ಆಗಷ್ಟೇ ಒಂದು ಪುರಸಭೆಯ ಕಂದಾಯ ಶಾಖೆಯಲ್ಲಿ ನೌಕರಿ ಸಿಕ್ಕಿತ್ತು.

"ಮೇಷ್ಟ್ರೇ, ನಾನು ಯಾರನ್ನೂ ಏನೂ ಕೇಳುವುದಿಲ್ಲ. ಆದರೆ ಹಬ್ಬ ಹತ್ತಿರ ಬಂತೆಂದರೆ ಜನ ತಾವಾಗಿಯೇ ಮನೆಗೆ ತಂದು ಕೊಡುತ್ತಾರೆ. ಒಬ್ಬರು ಆಲೂಗಡ್ಡೆ ಮೂಟೆ ಇಳಿಸಿ ಹೋಗುತ್ತಾರೆ, ಇನ್ನೊಬ್ಬರು ತೆಂಗಿನಕಾಯಿ, ಮತ್ತೊಬ್ಬರು ಮಕ್ಕಳಿಗೆ ಬಟ್ಟೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಸುನ್ನತ್‌ಗೆ ವಿರುದ್ಧವಲ್ಲವೇ?"

ಕುಳಿತಿದ್ದವರಲ್ಲಿ ಒಬ್ಬರು, ಕೇಳಿ ಪಡೆದರೆ ಲಂಚ, ಕೇಳದೆ ಬಂದರೆ ಹದಿಯಾ, ಅದು ಹಲಾಲ್ ಎಂದು ತೀರ್ಪು ಕೊಟ್ಟೇಬಿಟ್ಟರು. ನಾನು ಕೂಡಲೇ ಬಾಯಿ ತೆರೆಯಲಿಲ್ಲ. ಈ ವಿಷಯದ ಹದೀಸ್ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮದ್ರಸದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳಿಕೊಟ್ಟಿದ್ದೆ. ಆದರೆ ಈ ವಿಷಯದಲ್ಲಿ ನಾನೇ ಒಬ್ಬ ತಪ್ಪಿತಸ್ಥ. ಆದ್ದರಿಂದ ಮೊದಲು ಹದೀಸನ್ನೂ ಆಮೇಲೆ ನನ್ನ ತಪ್ಪನ್ನೂ ನಿಮ್ಮ ಮುಂದಿಡುತ್ತೇನೆ.

ಪ್ರವಾದಿವರ್ಯರು(ಸ) ಅಝ್ದ್ ಗೋತ್ರದ ಇಬ್ನುಲ್ಲುತ್ಬಿಯ್ಯ ಎಂಬವರನ್ನು ಬನೂ ಸುಲೈಮ್ ಗೋತ್ರದವರಿಂದ ಝಕಾತ್ ಸಂಗ್ರಹಿಸಲು ನೇಮಿಸಿದರು. ಅವರು ಮದೀನಕ್ಕೆ ಮರಳಿ ಬಂದು ಲೆಕ್ಕ ಒಪ್ಪಿಸುವಾಗ ತಂದದ್ದನ್ನು ಎರಡು ಪಾಲು ಮಾಡಿದರು. ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಅವರು ಏನನ್ನೂ ಬಚ್ಚಿಡಲಿಲ್ಲ, ಯಾರನ್ನೂ ಪೀಡಿಸಿದ್ದಾಗಿಯೂ ವರದಿಯಿಲ್ಲ. ಆದರೂ ಪ್ರವಾದಿವರ್ಯರು(ಸ) ಮಿಂಬರ್ ಏರಿ ಅಲ್ಲಾಹನನ್ನು ಸ್ತುತಿಸಿ ಎಲ್ಲರ ಮುಂದೆ ಆ ವಿಷಯವನ್ನೆತ್ತಿದರು. ಈ ವ್ಯಕ್ತಿ ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಕೇಳಿದರು. ಹೀಗೆ ಪಡೆದವನು ಪುನರುತ್ಥಾನ ದಿನದಂದು ಅದನ್ನು ಕೊರಳಿನ ಮೇಲೆ ಹೊತ್ತು ತರುವನು, ಒಂಟೆಯಾದರೆ ಅದು ಅರಚುತ್ತಿರುವುದು, ಹಸುವಾದರೆ ಅಂಬಾ ಎನ್ನುತ್ತಿರುವುದು, ಆಡಾದರೆ ಕೂಗುತ್ತಿರುವುದು ಎಂದು ಎಚ್ಚರಿಸಿದರು. ಅಬೂ ಹುಮೈದ್ ಅಸ್ಸಾಇದಿ(ರ) ವರದಿ ಮಾಡಿದ ಈ ಘಟನೆ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ.

ಗಮನಿಸಿರಿ. ಕೊಟ್ಟವರ ಮನಸ್ಸಿನಲ್ಲಿ ಪ್ರೀತಿ ಇತ್ತೇ, ಪಡೆದವನು ಬಾಯಿ ಬಿಟ್ಟು ಕೇಳಿದನೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಲಿಲ್ಲ. ಅವರ ಪ್ರಶ್ನೆ ಒಂದೇ: ಹುದ್ದೆ ಇಲ್ಲದಿದ್ದರೆ ಇದು ಬರುತ್ತಿತ್ತೇ? ಇಲ್ಲವೆಂದಾದರೆ ಅದು ಬಂದದ್ದು ವ್ಯಕ್ತಿಗಲ್ಲ, ಕುರ್ಚಿಗೆ. ಕುರ್ಚಿ ಅವನದ್ದಲ್ಲ, ಜನರದ್ದು. ಹಾಗಾದರೆ ಕುರ್ಚಿಗೆ ಬಂದದ್ದನ್ನು ಮನೆಗೆ ಒಯ್ಯುವುದು ಹೇಗೆ ಸರಿಯಾದೀತು?

ಉಡುಗೊರೆ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಪ್ರವಾದಿವರ್ಯರು(ಸ) ಉಡುಗೊರೆ ಸ್ವೀಕರಿಸುತ್ತಿದ್ದರು, ಪ್ರತಿಯಾಗಿ ಕೊಡುತ್ತಲೂ ಇದ್ದರು. ಪರಸ್ಪರ ಉಡುಗೊರೆ ಕೊಟ್ಟುಕೊಂಡರೆ ಪ್ರೀತಿ ಬೆಳೆಯುವುದೆಂದು ಕಲಿಸಿದ್ದಾರೆ. ನೆರೆಮನೆಗೆ ಬಿರಿಯಾನಿ ಕಳಿಸುವುದು, ಯುಗಾದಿಗೆ ಅವರು ಕೊಟ್ಟ ಒಬ್ಬಟ್ಟು ತಿನ್ನುವುದು, ಇವು ನಮ್ಮ ಊರುಗಳ ಸೌಂದರ್ಯ. ಅದು ಉಳಿಯಬೇಕು. ಆದರೆ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ) ತಮಗೆ ಬಂದ ಉಡುಗೊರೆಗಳನ್ನು ಹಿಂದಿರುಗಿಸುತ್ತಿದ್ದರು. ಪ್ರವಾದಿವರ್ಯರ(ಸ) ಕಾಲದಲ್ಲಿ ಉಡುಗೊರೆ ಉಡುಗೊರೆಯೇ ಆಗಿತ್ತು, ಇಂದು ಅದು ಲಂಚವಾಗಿದೆ ಎಂಬುದು ಅವರ ನಿಲುವಾಗಿತ್ತು. ಒಂದೇ ಖರ್ಜೂರದ ಡಬ್ಬಿ ನೆರೆಮನೆಗೆ ಹೋದರೆ ಸದಕಾ ಆಗುತ್ತದೆ, ಕಡತ ಕುಳಿತಿರುವ ಮೇಜಿಗೆ ಹೋದರೆ ಪಾಪವಾಗುತ್ತದೆ.

ಈಗ ನನ್ನ ವಿಷಯ ಹೇಳುತ್ತೇನೆ.

ನನ್ನ ಅಬ್ಬಾ 2023ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಜಿಲ್ಲೆಯ ಒಂದು ಪಟ್ಟಣದಲ್ಲಿ ಚಿಕ್ಕ ಮನೆಯಿತ್ತು. ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ ಎಲ್ಲವೂ ಸರಿಯಾಗಿದ್ದವು. ಆ ಕಚೇರಿಯಲ್ಲಿ ಅಮ್ಮನ ಕಡೆಯ ದೂರದ ಸಂಬಂಧಿಯೊಬ್ಬ ಗುಮಾಸ್ತನಾಗಿದ್ದ. ನನ್ನನ್ನು 'ಭಾಯ್' ಎಂದು ಕರೆಯುವವನು. 2024ರ ರಮಝಾನ್‌ನ ಕೊನೆಯ ವಾರದಲ್ಲಿ ಅವನ ಬಳಿ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ. ಒಂದು ಡಬ್ಬಿ ಖರ್ಜೂರ, ಒಂದು ಲಕೋಟೆಯಲ್ಲಿ ಸಾವಿರ ರೂಪಾಯಿ. ಲಕೋಟೆಯ ಮೇಲೆ ನನ್ನ ಕೈಯಾರೆ 'ಮಕ್ಕಳಿಗೆ ಈದಿ' ಎಂದು ಬರೆದಿದ್ದೆ. ಅವನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅದಕ್ಕೆ ಮುಂಚೆ ಯಾವ ಹಬ್ಬಕ್ಕೂ ಅವನ ಮಕ್ಕಳಿಗೆ ನಾನು ಐದು ರೂಪಾಯಿ ಕೊಟ್ಟವನಲ್ಲ.

ನಾನು ಹೋದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬ ಅಜ್ಜಿ ಕುಳಿತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಸಿ ಮಡಿಸಿ ಹರಿಯುವಂತಾಗಿದ್ದ ಕಾಗದಗಳು. ನನ್ನನ್ನು ನೋಡಿ, "ಮೇಷ್ಟ್ರೇ, ಒಳಗೆ ನನ್ನ ಹೆಸರು ಕರೆದ್ರಾ?" ಎಂದು ಕೇಳಿದರು. ಇಲ್ಲ ಎಂದು ಒಳಗೆ ಹೋದೆ. ಅವರೂ ಸತ್ತ ಗಂಡನ ಮನೆಯ ಖಾತೆಗಾಗಿ ಬಂದವರೇ. ದೀಪಾವಳಿಯಿಂದ ತಿರುಗುತ್ತಿದ್ದರು.

ನನ್ನ ಕೆಲಸ ಎರಡೇ ದಿನದಲ್ಲಿ ಆಯಿತು. ಸಂತೋಷದಿಂದ ಕಾಗದವನ್ನು ಅಮ್ಮನ ಕೈಗಿಟ್ಟೆ. ಅಷ್ಟು ಬೇಗ ಹೇಗಾಯಿತೆಂದು ಅಮ್ಮ ಕೇಳಿದರು. "ನಮ್ಮವನಿದ್ದಾನಲ್ಲ ಅಮ್ಮಾ" ಎಂದೆ. ಅವರು ಕಾಗದವನ್ನು ಮಡಿಸುತ್ತಾ, "ಅಲ್ಲಿ ಬೇರೆ ಯಾರೂ ಕಾಯ್ತಾ ಇರಲಿಲ್ವಾ ಮಗಾ?" ಎಂದರು.

ಸಹೋದರರೇ, ನಾನು ಏಳು ವರ್ಷ ಮದ್ರಸದಲ್ಲಿ ಓದಿದವನು. ಅಕ್ಷರ ಬಾರದ ನನ್ನ ಅಮ್ಮ ಒಂದೇ ಮಾತಿನಲ್ಲಿ ನಾನು ಮರೆತದ್ದನ್ನು ನೆನಪಿಸಿದರು. ಲಂಚವೆಂದರೆ ಕೊಟ್ಟವನು ಮತ್ತು ಪಡೆದವನು, ಇಬ್ಬರ ನಡುವಿನ ವ್ಯವಹಾರವೆಂದು ನಾವು ತಿಳಿದಿದ್ದೇವೆ. ಅಲ್ಲಿ ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಬೆಂಚಿನ ಮೇಲೆ ಕಾಯುತ್ತಿರುವವರು. ನಾನು ಗುಮಾಸ್ತನಿಗೆ ಕೊಟ್ಟದ್ದು ನನ್ನ ಸಾವಿರ ರೂಪಾಯಿ. ಅವನು ನನಗೆ ಕೊಟ್ಟದ್ದು ಆ ಅಜ್ಜಿಯ ಸರದಿ. ಅದು ಅವನದ್ದೂ ಅಲ್ಲ, ನನ್ನದ್ದೂ ಅಲ್ಲ.

ಪರಸ್ಪರರ ಸಂಪತ್ತನ್ನು ಅನ್ಯಾಯವಾಗಿ ಕಬಳಿಸಬಾರದು, ಜನರ ಸೊತ್ತಿನ ಪಾಲನ್ನು ತಿಳಿದೂ ತಿಳಿದೂ ನುಂಗುವುದಕ್ಕಾಗಿ ಅದನ್ನು ಅಧಿಕಾರಿಗಳ ಮುಂದೆ ಒಯ್ಯಬಾರದು ಎಂದು ಪವಿತ್ರ ಕುರ್‌ಆನ್ ಆದೇಶಿಸಿದೆ (ಅಲ್ ಬಕರ: 188). ಲಂಚ ಪಡೆಯುವವನನ್ನೂ ಕೊಡುವವನನ್ನೂ ಪ್ರವಾದಿವರ್ಯರು(ಸ) ಶಪಿಸಿರುವುದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಕೊಡದಿದ್ದರೆ ತನ್ನ ನ್ಯಾಯವಾದ ಹಕ್ಕು ಕೈಗೆ ಬಾರದೆಂಬ ನಿರ್ಬಂಧಕ್ಕೆ ಸಿಲುಕಿ ಕೊಟ್ಟವನ ಬಗ್ಗೆ ಅನೇಕ ವಿದ್ವಾಂಸರು ರಿಯಾಯಿತಿ ಹೇಳಿದ್ದಾರೆ. ಪಾಪ ಪಡೆದವನ ಮೇಲಿದೆ ಎಂದಿದ್ದಾರೆ. ಆದರೆ ಬೇರೆಯವರ ಹಕ್ಕಿಗೆ ಅದರಿಂದ ಹಾನಿಯಾಗಬಾರದೆಂಬ ಷರತ್ತು ಅದಕ್ಕಿದೆ. ನನ್ನನ್ನು ಯಾರೂ ನಿರ್ಬಂಧಿಸಿರಲಿಲ್ಲ, ಹಾನಿಯಂತೂ ಕಣ್ಣೆದುರಿಗೇ ಕುಳಿತಿತ್ತು. ಆ ರಿಯಾಯಿತಿಯ ಹತ್ತಿರಕ್ಕೂ ಹೋಗುವ ಅರ್ಹತೆ ನನಗಿರಲಿಲ್ಲ.

ನಮ್ಮ ದೇಶದ ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದನ್ನು ತಿಳಿದಿರುವುದು ಪ್ರತಿ ಕುಟುಂಬಕ್ಕೂ ಅಗತ್ಯ. 1988ರ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಪುರಸಭೆ, ನಗರಸಭೆಗಳ ನೌಕರರೂ ಸಾರ್ವಜನಿಕ ನೌಕರರೇ. ಲಂಚ ಪಡೆದವನಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸವಿದೆ. ತನ್ನ ಮೇಜಿನ ಮುಂದೆ ಕೆಲಸವಿರುವ ವ್ಯಕ್ತಿಯಿಂದ ಬೆಲೆ ಕೊಡದೆ ಬೆಲೆಬಾಳುವ ವಸ್ತು ಪಡೆಯುವುದೂ ಅದೇ ಕಾಯಿದೆಯಲ್ಲಿ ಪ್ರತ್ಯೇಕ ಅಪರಾಧ. 2018ರ ತಿದ್ದುಪಡಿಯ ನಂತರ ಕೊಟ್ಟವನಿಗೂ 7 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಒತ್ತಾಯಕ್ಕೆ ಸಿಲುಕಿ ಕೊಟ್ಟವನು 7 ದಿನಗಳೊಳಗೆ ದೂರು ಕೊಟ್ಟರೆ ಮಾತ್ರ ಅವನಿಗೆ ರಕ್ಷಣೆಯಿದೆ. ನಿರ್ಬಂಧಿತನಿಗೂ ಸ್ವಇಚ್ಛೆಯಿಂದ ಕೊಟ್ಟವನಿಗೂ ನಮ್ಮ ಫುಕಹಾಗಳು ಕಂಡ ವ್ಯತ್ಯಾಸವನ್ನು ಕಾನೂನೂ ಕಂಡಿದೆ.

ರಾಜ್ಯದ ಸರಕಾರಿ ನೌಕರರಿಗೆ 1966ರ ನಡತೆ ನಿಯಮಗಳಿದ್ದವು, 2021ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಅವುಗಳ ತಿರುಳು ಇಷ್ಟು: ಮದುವೆ ಮುಂಜಿಗಳಂಥ ಸಂದರ್ಭಗಳಲ್ಲಿ ಹತ್ತಿರದ ಸಂಬಂಧಿಕರಿಂದಲೂ, ಕಚೇರಿಯ ವ್ಯವಹಾರವಿಲ್ಲದ ಸ್ನೇಹಿತರಿಂದಲೂ ವಾಡಿಕೆಯ ಉಡುಗೊರೆ ಪಡೆಯಬಹುದು. ಅದು ಗೊತ್ತುಪಡಿಸಿದ ಬೆಲೆಯನ್ನು ಮೀರಿದರೆ ಸರಕಾರಕ್ಕೆ ತಿಳಿಸಬೇಕು. ಕಚೇರಿಯ ವ್ಯವಹಾರವಿರುವವರು ಒದಗಿಸುವ ಪ್ರಯಾಣ, ಊಟ, ವಸತಿಗಳೂ ಉಡುಗೊರೆಯ ಲೆಕ್ಕಕ್ಕೇ ಸೇರುತ್ತವೆ. ತನ್ನ ಕುಟುಂಬದವರ ಹಿತ ಅಡಗಿರುವ ಕಡತ ಬಂದರೆ ತಾನು ತೀರ್ಮಾನಿಸದೆ ಮೇಲಧಿಕಾರಿಗೆ ಒಪ್ಪಿಸಬೇಕು. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯ ಪ್ರಕಾರ ಪುರಸಭೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಹೊಂದಿದವನು ಸದಸ್ಯನಾಗಿರಲು ಅನರ್ಹ. ತಾಯಿಯ ಮನೆಯಲ್ಲಿ ಕುಳಿತಿದ್ದರೆ ಬರುತ್ತಿತ್ತೇ ಎಂಬ ಆ ಒಂದು ಪ್ರಶ್ನೆಯ ಪಕ್ಕದಲ್ಲಿ ಈ ನಿಯಮಗಳನ್ನಿಟ್ಟು ನೋಡಿರಿ. ಎರಡೂ ಒಂದೇ ಮಾತನ್ನು ಹೇಳುತ್ತವೆ.

ಈಗ 'ನಮ್ಮವನಿದ್ದಾನೆ' ಎಂಬ ಮಾತಿಗೆ ಬರೋಣ. ನಾನಿರುವ ಹರದನಹಳ್ಳಿ ಶ್ರೀ ಎಚ್.ಡಿ. ದೇವೇಗೌಡರ ಹುಟ್ಟೂರು. 1996ರ ಜೂನ್ 1ರಂದು ಅವರು ದೇಶದ ಪ್ರಧಾನಿಯಾದರು. ನಾನು ಯಾರನ್ನೂ ಹೊಗಳಲು ಅಥವಾ ದೂರಲು ಇದನ್ನು ಹೇಳುತ್ತಿಲ್ಲ. ಊರಿನ ಹೆಸರು ದೊಡ್ಡದಾದಷ್ಟೂ ಆ ಹೆಸರು ಹೇಳಿ ಕೆಲಸ ಮಾಡಿಸಿಕೊಳ್ಳುವ ಆಸೆ ಸಾಮಾನ್ಯ ಮನುಷ್ಯನಲ್ಲಿ ಬೆಳೆಯುತ್ತದೆ. ಊರು ಯಾವುದಾದರೇನು, ಕಚೇರಿಗೆ ಹೊರಟವನು ಮೊದಲು ಯೋಚಿಸುವುದು ಅರ್ಜಿಯ ಬಗ್ಗೆ ಅಲ್ಲ, ಅಲ್ಲಿ ನಮ್ಮ ಕಡೆಯವರು ಯಾರಿದ್ದಾರೆ ಎಂಬುದರ ಬಗ್ಗೆ. ನೀರು ಬಿಡುವ ವಾಲ್ವ್‌ಮನ್, ಚಾಲಕ, ಕಂಪ್ಯೂಟರ್ ಆಪರೇಟರ್, ಹೀಗೆ ಹೊರಗುತ್ತಿಗೆಯ ಒಂದು ಚಿಕ್ಕ ಕೆಲಸ ಖಾಲಿಯಾದರೂ ನಮ್ಮ ಹುಡುಗನಿಗೆ ಕೊಡಿಸಿ ಎಂದು ಓಡುತ್ತೇವೆ. ಅಲ್ಲಿ ನಮ್ಮವರು ಕುಳಿತಿದ್ದರೆ ಅದನ್ನು ಹಕ್ಕೆಂದೇ ತಿಳಿಯುತ್ತೇವೆ. ಮಾಡಿಕೊಡದಿದ್ದರೆ ಕುರ್ಚಿ ಸಿಕ್ಕ ಮೇಲೆ ನಮ್ಮವರನ್ನು ಮರೆತ ಎಂದು ಮದುವೆ ಮನೆಯಲ್ಲಿ ಆಡಿಕೊಳ್ಳುತ್ತೇವೆ. ಎಷ್ಟೋ ಪ್ರಾಮಾಣಿಕ ನೌಕರರನ್ನು ಕೆಡಿಸಿದ್ದು ಹಣದಾಸೆಯಲ್ಲ, ಬಂಧುಗಳ ಈ ನಾಲಿಗೆ.

ಇಲ್ಲಿ ಒಂದು ಘಟನೆಯನ್ನು ನೆನಪಿಸಿಕೊಳ್ಳಿರಿ. ಹಝ್ರತ್ ಫಾತಿಮಾ(ರ) ಬೀಸುಕಲ್ಲು ತಿರುಗಿಸಿ ಕೈ ನೋವಾಗಿ ಬಳಲಿದ್ದರು. ಪ್ರವಾದಿವರ್ಯರ(ಸ) ಬಳಿಗೆ ಸೆರೆಯಾಳುಗಳು ಬಂದಿದ್ದಾರೆಂದು ತಿಳಿದು ಒಬ್ಬ ಕೆಲಸದವರನ್ನು ಕೇಳಲು ಹೋದರು. ಅವರು ಮನೆಯಲ್ಲಿರಲಿಲ್ಲ. ರಾತ್ರಿ ಪ್ರವಾದಿವರ್ಯರೇ(ಸ) ಮಗಳ ಮನೆಗೆ ಬಂದರು. ಕೆಲಸದವರನ್ನು ಕೊಡಲಿಲ್ಲ. ಅದಕ್ಕಿಂತ ಉತ್ತಮವಾದುದನ್ನು ಕಲಿಸುತ್ತೇನೆಂದು ಹೇಳಿ ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು (ಬುಖಾರಿ, ಮುಸ್ಲಿಮ್). ಮಸೀದಿಯ ಚಾವಡಿಯಲ್ಲಿ ಹಸಿದಿದ್ದ ಬಡ ಸಂಗಾತಿಗಳನ್ನು ಬಿಟ್ಟು ನಿಮಗೆ ಕೊಡಲಾರೆ ಎಂದರೆಂಬ ವಿವರ ಮುಸ್ನದ್ ಅಹ್ಮದ್‌ನಲ್ಲಿದೆ.

ತಸ್ಬೀಹೆ ಫಾತಿಮಾ ಎಂದು ನಮ್ಮ ಮನೆಗಳಲ್ಲಿ ಮಕ್ಕಳೂ ಇದನ್ನು ಎಣಿಸುತ್ತಾರೆ. ಆದರೆ ಅದು ಯಾವುದರ ಬದಲಿಗೆ ಸಿಕ್ಕಿತೆಂಬುದನ್ನು ಮರೆತಿದ್ದೇವೆ. ಸಾರ್ವಜನಿಕರ ಸೊತ್ತಿನಿಂದ ಮಗಳಿಗೆ ಅನುಕೂಲ ಮಾಡಿಕೊಡಲು ಒಪ್ಪದ ತಂದೆ ಕೊಟ್ಟ ಉಡುಗೊರೆ ಅದು. ಬೆರಳು ಮಡಿಸಿ ಅದನ್ನು ಎಣಿಸುವ ನಾವೇ ಬೆಳಿಗ್ಗೆ ಎದ್ದು ನಮ್ಮವನನ್ನು ಹುಡುಕಿಕೊಂಡು ಕಚೇರಿಗೆ ಹೋದರೆ ಹೇಗೆ?

ಬಂಧುಗಳಿಗೆ ನೆರವಾಗುವುದು ಇಸ್ಲಾಮಿನಲ್ಲಿ ದೊಡ್ಡ ಪುಣ್ಯ. ಬಡ ಬಂಧುವಿಗೆ ಕೊಟ್ಟ ದಾನಕ್ಕೆ ದಾನದ ಪ್ರತಿಫಲವೂ ಸಂಬಂಧ ಜೋಡಿಸಿದ ಪ್ರತಿಫಲವೂ ಇದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆದರೆ ಅದು ನಿಮ್ಮ ಜೇಬಿನಿಂದ ಆಗಬೇಕು. ಅಣ್ಣನ ಮಗನಿಗೆ ನಿಮ್ಮ ಸಂಬಳದಿಂದ ಕಾಲೇಜಿನ ಶುಲ್ಕ ಕಟ್ಟಿರಿ, ಅದು ಪುಣ್ಯ. ಬೇರೊಬ್ಬ ವಿಧವೆಯ ಮಗನಿಗೆ ಸಿಗಬೇಕಾದ ಕೆಲಸವನ್ನು ಅವನಿಗೆ ಕೊಡಿಸಿದರೆ ಅದು ಅಮಾನತ್ತಿಗೆ ಬಗೆದ ದ್ರೋಹ. ಸ್ವತಃ ನಿಮಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪಕ್ಷದಲ್ಲೇ ನಿಲ್ಲಬೇಕೆಂದು ಕುರ್‌ಆನ್ ಹೇಳುತ್ತದೆ (ಅನ್ನಿಸಾ: 135).

ಶಿಫಾರಸ್ಸನ್ನೂ ಕುರ್‌ಆನ್ ಪೂರ್ತಿ ನಿಷೇಧಿಸಿಲ್ಲ. ಒಳಿತಿನ ಶಿಫಾರಸ್ಸು ಮಾಡಿದವನಿಗೆ ಒಳಿತಿನ ಪಾಲಿದೆ, ಕೆಡುಕಿನ ಶಿಫಾರಸ್ಸು ಮಾಡಿದವನಿಗೆ ಕೆಡುಕಿನ ಹೊರೆಯಿದೆ ಎಂದಿದೆ (ಅನ್ನಿಸಾ: 85). ಅಕ್ಷರ ಬಾರದವರ ಜೊತೆ ಹೋಗಿ ಅವರ ಅರ್ಜಿ ಏಕೆ ನಿಂತಿದೆಯೆಂದು ಕೇಳುವುದು ಒಳ್ಳೆಯ ಶಿಫಾರಸ್ಸು. ನಿಂತವರ ಸಾಲು ದಾಟಿಸಿ ಒಬ್ಬನನ್ನು ಮುಂದೆ ತಳ್ಳುವುದು ಕೆಟ್ಟದ್ದು. ಒಳ್ಳೆಯ ಶಿಫಾರಸ್ಸಿಗೂ ಪ್ರತಿಯಾಗಿ ಉಡುಗೊರೆ ಪಡೆಯಬಾರದೆಂಬ ಎಚ್ಚರಿಕೆ ಅಬೂದಾವೂದ್‌ನಲ್ಲಿ ವರದಿಯಾಗಿದೆ.

ಅಮ್ಮನ ಮಾತು ಕೇಳಿದ ಮೇಲೆ ನಾನು ತೌಬಾ ಮಾಡಿದೆ. ಆದರೆ ಮನುಷ್ಯರ ಹಕ್ಕಿಗೆ ಸಂಬಂಧಿಸಿದ ಪಾಪ ಬರೀ ಕಣ್ಣೀರಿನಿಂದ ತೊಳೆಯುವುದಿಲ್ಲ, ಹಕ್ಕನ್ನು ಹಿಂದಿರುಗಿಸಬೇಕು. ಹಬ್ಬ ಕಳೆದು ಮತ್ತೆ ಆ ಕಚೇರಿಗೆ ಹೋದೆ. ಗುಮಾಸ್ತನಿಗೆ ನಮ್ಮಿಬ್ಬರ ತಪ್ಪನ್ನು ಹೇಳಿದೆ. ಅವನಿಗೆ ಸಿಟ್ಟು ಬಂತು. "ಭಾಯ್, ನೀವೇ ಕೊಟ್ಟು ಈಗ ನೀವೇ ಹೀಗಂದ್ರೆ?" ಎಂದ. ಅವನು ಹೇಳಿದ್ದು ನ್ಯಾಯವೇ. ಕೆಡಿಸಿದವನು ನಾನು.

ಅಜ್ಜಿ ಅದೇ ಬೆಂಚಿನ ಮೇಲಿದ್ದರು. ಅವರ ಕಾಗದಗಳನ್ನು ನೋಡಿದಾಗ ವಿಷಯ ತಿಳಿಯಿತು. ಅರ್ಜಿ ಕೊಟ್ಟಿದ್ದರು, ಸ್ವೀಕೃತಿ ಪಡೆದಿರಲಿಲ್ಲ. ಸಕಾಲ ಕಾಯಿದೆ 2011ರಲ್ಲಿ ಬಂತು, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಅದರ ಪ್ರಕಾರ ಅರ್ಜಿಗೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು, ಗೊತ್ತುಪಡಿಸಿದ ದಿನಗಳೊಳಗೆ ಕೆಲಸ ಮುಗಿಸಬೇಕು, ತಡವಾದರೆ ಅರ್ಜಿದಾರ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಸ್ವೀಕೃತಿಯಿಲ್ಲದ ಅರ್ಜಿಗೆ ಸರದಿಯೇ ಇಲ್ಲ. ಹೊಸ ಅರ್ಜಿ ಬರೆದುಕೊಟ್ಟೆ, ಸ್ವೀಕೃತಿ ಪಡೆದು ಅವರ ಚೀಲದಲ್ಲಿಟ್ಟೆ. ಯಾರಿಗೂ ಏನೂ ಕೊಡಲಿಲ್ಲ. ನಾನು ಇನ್ನೂ ಎರಡು ಸಲ ಹೋಗಬೇಕಾಯಿತು. ಅವರ ಖಾತೆ ಆಯಿತು.

ಕೊನೆಯ ದಿನ ಅಜ್ಜಿಗೆ ನಾನು ಮಾಡಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಈಗ ಹೆಂಗಸ್ರಿಗೆ ಬಸ್ಸಿಗೆ ದುಡ್ಡಿಲ್ಲ, ಸರಿ. ಆದ್ರೆ ಬಂದ ದಿನದ ಕೂಲಿ ಹೋಯ್ತಲ್ಲ ಮೇಷ್ಟ್ರೇ" ಎಂದರು. ನನ್ನ ಕೆಲಸವಾದ ಮೇಲೆ ಎಷ್ಟು ದಿನ ಬಂದಿದ್ದಿರಿ ಎಂದು ಕೇಳಿದೆ. ಎರಡು ದಿನ ಎಂದರು. ಎರಡು ದಿನದ ಕೂಲಿ ಕೊಟ್ಟೆ. ಎಣಿಸಿ ತೆಗೆದುಕೊಂಡರು. ಅದಕ್ಕಿಂತ ಹಿಂದಿನ ದಿನಗಳ ಲೆಕ್ಕ ಯಾರು ಯಾರ 'ಈದಿ'ಯಲ್ಲಿ ಸೇರಿದೆಯೋ ಅಲ್ಲಾಹನೇ ಬಲ್ಲ.

ಆ ಯುವಕನಿಗೆ ಅಂದು ರಾತ್ರಿ ಇದನ್ನೆಲ್ಲ ಹೇಳಿದೆ. ಬೇಡವೆಂದರೆ ಜನರಿಗೆ ನೋವಾಗುವುದಿಲ್ಲವೇ ಎಂದು ಕೇಳಿದ. ಆಗ ಖೈಬರ್‌ನ ಘಟನೆ ಹೇಳಿದೆ. ಅಲ್ಲಿನ ಯಹೂದಿ ರೈತರ ಖರ್ಜೂರದ ಫಸಲನ್ನು ಅಂದಾಜು ಮಾಡಲು ಅಬ್ದುಲ್ಲಾ ಬಿನ್ ರವಾಹ(ರ) ಹೋಗುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ತೆರಿಗೆ ನಿಗದಿ ಮಾಡುವ ಅಧಿಕಾರಿ. ಅವರು ತಮ್ಮ ಹೆಂಗಸರ ಒಡವೆಗಳನ್ನು ಕೂಡಿಸಿ ತಂದು ಇದು ನಿಮಗೆ, ನಮಗೆ ಸ್ವಲ್ಪ ಸಡಿಲ ಮಾಡಿ ಎಂದರು. ಅಬ್ದುಲ್ಲಾ(ರ) ಅದನ್ನು ಮುಟ್ಟಲಿಲ್ಲ. ಇದು ಹರಾಮ್, ನಾವಿದನ್ನು ತಿನ್ನುವುದಿಲ್ಲ, ನಿಮ್ಮೊಡನೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ನಿಮಗೆ ಅನ್ಯಾಯವನ್ನೂ ಮಾಡುವುದಿಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಆಕಾಶ ಭೂಮಿಗಳು ನಿಂತಿರುವುದು ಇದರಿಂದಲೇ ಎಂದು ಅವರೇ ಒಪ್ಪಿಕೊಂಡರು (ಮುವತ್ತಾ). ಉಡುಗೊರೆ ಹಿಂದಿರುಗಿಸಿದಾಗ ಆಗುವ ನೋವು ಒಂದು ದಿನದ್ದು. ಅದರಿಂದ ಹುಟ್ಟುವ ನಂಬಿಕೆ ಬಹಳ ಕಾಲದ್ದು.

ಮನೆಯಲ್ಲಿರುವ ಸಹೋದರಿಯರಿಗೆ ಒಂದು ಮಾತು. ಮೂಟೆ ಇಳಿಯುವುದು ಕಚೇರಿಯಲ್ಲಲ್ಲ, ನಿಮ್ಮ ಬಾಗಿಲಲ್ಲಿ. ಗಂಡ ಕಚೇರಿಗೆ ಹೋಗಿರುವಾಗ ಬರುತ್ತದೆ. ಆಗ ನೀವು ಕೇಳಬೇಕಾದುದು ಎರಡೇ ಪ್ರಶ್ನೆ: ಕಳಿಸಿದವರು ಯಾರು? ಅವರ ಕೆಲಸ ನಮ್ಮ ಮನೆಯವರ ಮೇಜಿನ ಮೇಲಿದೆಯೇ? ಇದೆ ಎಂದಾದರೆ ಒಂದು ಲೋಟ ಶರಬತ್ತು ಕೊಟ್ಟು ಮೂಟೆಯನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸಿರಿ. ಲಂಚ ಕೇಳಿದವರಿದ್ದರೆ ಹೆದರದೆ ಲೋಕಾಯುಕ್ತ ಪೊಲೀಸರಿಗೆ ತಿಳಿಸಿರಿ. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್ 11ರಂದು ಹೈಕೋರ್ಟ್ ರದ್ದುಮಾಡಿದ ಮೇಲೆ ಆ ಅಧಿಕಾರ ಅವರಿಗೇ ಮರಳಿದೆ. ಕಚೇರಿಯಲ್ಲಿ ನಮ್ಮವರಿದ್ದರೆ ಅವರ ಬಳಿ ಒಂದೇ ನೆರವು ಕೇಳಿರಿ: ಎಲ್ಲರ ಕೆಲಸವನ್ನೂ ಬೇಗ ಮಾಡಿಕೊಡಿ ಎಂದು.

ಓ ಅಲ್ಲಾಹನೇ, ನಮಗೆ ಹಲಾಲ್ ಆದುದನ್ನೇ ಸಾಕೆನಿಸುವಂತೆ ಮಾಡು. ನಮ್ಮಲ್ಲಿ ಹುದ್ದೆಯಲ್ಲಿರುವವರಿಗೆ ಅಮಾನತ್ತಿನ ಭಾರವನ್ನು ತಿಳಿಸು, ಹುದ್ದೆಯಿಲ್ಲದ ನಮಗೆ ಅವರನ್ನು ಕೆಡಿಸದಿರುವ ಬುದ್ಧಿ ಕೊಡು. ನಾವು ಯಾರ ಸರದಿಯನ್ನು ಕಸಿದಿದ್ದೇವೋ ಅವರನ್ನು ಈ ಲೋಕದಲ್ಲೇ ಕಂಡು ಲೆಕ್ಕ ತೀರಿಸುವ ಅವಕಾಶ ಕೊಡು. ಆಮೀನ್.